ಮನೆತನದ ಹೆಸರು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳಲ್ಲಿ ಊರ ಹೆಸರೇ ಮನೆತನದ ಹೆಸರಾಗುವುದುಂಟು. ಸಿದ್ದವನಹಳ್ಳಿಯ ಹೆಸರನ್ನು ಇಬ್ಬರು ಮಹನೀಯರು ಧರಿಸಿದ್ದರು. 1956ರಲ್ಲಿ ಏಕೀಕೃತ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದ ನಿಜಲಿಂಗಪ್ಪನವರೊಬ್ಬರು. ಗಾಂಧೀಮಾರ್ಗದ ಲೇಖಕರಾದ ಕೃಷ್ಣಶರ್ಮರು ಮತ್ತೊಬ್ಬರು. ಒಬ್ಬರದು ಲಿಂಗವಂತ ಮನೆತನ, ಮತ್ತೊಬ್ಬರದು ಬ್ರಾಹ್ಮಣ ಮನೆತನ. ಹೆಸರು ಮಾತ್ರ ಒಂದೇ. ಹೀಗಿರಲು ಮನೆಗೆ ಬಂದವನ ಅಡ್ಡಹೆಸರನ್ನು ಕೇಳಿ ಅವನ ಕುಲವನ್ನು ಅಳೆಯುವುದೆಂತು?

ಮಾದಾರ ಚೆನ್ನಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಈ ಶರಣರ ಹೆಸರುಗಳ ಮೊದಲಲ್ಲಿ ನಿಂತಿರುವುದು ಕಾಯಕ. ಲೋಕವು ಕೀಳೆಂದ ಆ ಪದವನ್ನು ಅವರು ಮರೆಮಾಡಲಿಲ್ಲ. ತಮ್ಮ ನಡೆಯಿಂದ ಅದನ್ನೇ ಪೂಜ್ಯವಾಗಿಸಿದರು. ಹೆಸರು ಮನುಷ್ಯನನ್ನು ಎತ್ತಲಾರದು. ಮನುಷ್ಯನ ನಡೆಯೇ ಹೆಸರನ್ನು ಎತ್ತುವುದು.

ಆದುದರಿಂದ ಅತಿಥಿಯು ಬಾಗಿಲಿಗೆ ಬಂದಾಗ ಸದ್ಭಕ್ತರು ಮೊದಲು ಆಸನವನ್ನೂ ನೀರನ್ನೂ ಕೊಡಲಿ. ಹೆಸರನ್ನು ಆಮೇಲೆ ಕೇಳಲಿ.