ಪಡೆಯುವ ಕೈ, ಬಡಿಸುವ ಕೈ

ಹಸಿದವನಿಗೆ ಉಣಬಡಿಸುವುದು ಒಳ್ಳೆಯ ಕೆಲಸ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಹಸಿವಾದಾಗ ಇನ್ನೊಬ್ಬರು ಬಡಿಸಿದ್ದನ್ನು ಉಣ್ಣುವುದು? ಅದು ಅವಮಾನವೇ? ಸಭೆಗಳಲ್ಲಿ ಈ ಪ್ರಶ್ನೆ ಕೇಳುವವರು ಕಡಿಮೆ. ನಮ್ಮ ಓಣಿಗಳಲ್ಲಾದರೋ ಇದು ದಿನನಿತ್ಯದ ಪ್ರಶ್ನೆ.

ಬೆಟಗೇರಿಯಲ್ಲಿ ಮಗ್ಗ ನಿಂತ ಮನೆ, ಗದಗಿನ ಮಾರುಕಟ್ಟೆಯಲ್ಲಿ ಹಮಾಲಿ ಸಿಗದ ದಿನ, ಮುಂಡರಗಿ ಸೀಮೆಯಿಂದ ಮಕ್ಕಳು ಗುಳೆ ಹೋದ ಮೇಲೆ ಹಿಂದೆ ಉಳಿದ ಮುದುಕರು - ಇಲ್ಲೆಲ್ಲ ಹಸಿವು ಗದ್ದಲ ಮಾಡುವುದಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ದಿನಗೂಲಿ ಒಮ್ಮೆಲೇ ನಿಂತಾಗ, ಅಲ್ಲಿಯವರೆಗೆ ಕೊಡುತ್ತಿದ್ದವರೂ ಪಡೆಯುವ ಸಾಲಿಗೆ ಬಂದರು. ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಮನೆಗೆ ಒಯ್ಯುವಾಗ ಎಷ್ಟು ತಾಯಂದಿರು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಿರಬಹುದು? ಆ ಸೆರಗು ಏನನ್ನು ಮುಚ್ಚುತ್ತಿತ್ತು ಎಂದು ನಾವು ಯೋಚಿಸಬೇಕು.

ಮೇಲಿನ ಕೈ ಮತ್ತು ಕೆಳಗಿನ ಕೈಗಳ ಕುರಿತಾದ ಪ್ರವಾದಿವರ್ಯರ(ಸ) ಮಾತು ನಿಮಗೆ ಗೊತ್ತಿದೆ. ಅದು ನನ್ನ ಕೈಗೆ ಹೇಳಿದ ಬುದ್ಧಿವಾದ; ದುಡಿ, ಕೊಡುವವನಾಗು ಎಂಬ ಪ್ರೇರಣೆ. ನೆರೆಯವನ ಕೈಯನ್ನು ಅಳೆಯಲು ಕೊಟ್ಟ ಕೋಲಲ್ಲ. ಬೇಡಲು ನಾಚುವ ಬಡವರ ಬಗ್ಗೆ ಕುರ್‌ಆನ್ ಗೌರವದಿಂದ ಮಾತಾಡುತ್ತದೆ. ಅವರ ಸಂಯಮವನ್ನು ನೋಡಿ ತಿಳಿಯದವನು ಅವರನ್ನು ಅನುಕೂಲಸ್ಥರೆಂದೇ ಭಾವಿಸುತ್ತಾನೆ. ಅನುಕೂಲಸ್ಥರ ಸಂಪತ್ತಿನಲ್ಲಿ ಕೇಳುವವನಿಗೂ, ಕೇಳದೆ ವಂಚಿತನಾದವನಿಗೂ ಹಕ್ಕಿದೆ ಎಂಬುದು ಅದರ ಬೋಧನೆ. ಹಕ್ಕು ಎಂದ ಮೇಲೆ ನಾಚಿಕೆ ಎಲ್ಲಿಂದ ಬಂತು? ಹುಡುಕಿಕೊಂಡು ಹೋಗುವ ಹೊಣೆ ಇರುವುದು ಕೊಡುವವನ ಮೇಲೆ. ಕೊಟ್ಟದ್ದನ್ನು ಎತ್ತಿ ಆಡಿ ನೋಯಿಸಿದರೆ ದಾನವೇ ವ್ಯರ್ಥವಾಗುತ್ತದೆ ಎಂಬ ಎಚ್ಚರಿಕೆಯೂ ಅವನಿಗೇ.

ಈದುಲ್ ಫಿತ್ರ್‌ನ ಧಾನ್ಯವನ್ನು ನೋಡಿ. ತಲೆಗೆ ಒಂದು ಸಾಅ್, ಎಂದರೆ ಸುಮಾರು 2.5ರಿಂದ 3 ಕಿಲೋ. ಯಾರ ಮೇಲೆ ಇದು ಕಡ್ಡಾಯ ಎಂಬುದರಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ಶಾಫಿಈ ಮದ್‌ಹಬ್‌ನಂತೆ, ಹಬ್ಬದ ಹಗಲು ರಾತ್ರಿಗೆ ಮನೆಯವರಿಗೆ ಬೇಕಾದಷ್ಟು ಕಳೆದು ಮಿಕ್ಕಿದ್ದರೆ ಬಡವನೂ ಕೊಡಬೇಕು. ಹೀಗಾಗಿ ಒಂದೇ ಮನೆ ಫಿತ್ರ್ ಪಡೆಯುವುದೂ ಉಂಟು, ಕೊಡುವುದೂ ಉಂಟು. ಧಾನ್ಯ ಒಂದು ಬಾಗಿಲಿನಿಂದ ಒಳಬಂದು ಇನ್ನೊಂದರಿಂದ ಹೊರಹೋಗುತ್ತದೆ. ಆ ದಿನ ಅವನು ಬರೀ 'ಪಡೆಯುವವನು' ಅಲ್ಲ. ಏನೂ ಇಲ್ಲದವನಿಗೂ ಸದಕಾದ ದಾರಿ ಇದೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ: ಕೈಯಿಂದ ದುಡಿದು ಕೊಡಲಿ, ಆಗದಿದ್ದರೆ ಕಷ್ಟದಲ್ಲಿರುವವನಿಗೆ ನೆರವಾಗಲಿ.

ನಮ್ಮ ನೆಲಕ್ಕೂ ಈ ವಿಚಾರ ಹೊಸದಲ್ಲ. ಮುಂಡರಗಿಯ ಮಠದ ಹೆಸರೇ ಅನ್ನದಾನೀಶ್ವರ. ಶಿರಹಟ್ಟಿಯ ಫಕೀರೇಶ್ವರ ಮಠ ಹಿಂದೂ-ಮುಸ್ಲಿಮ್ ಬಾಂಧವ್ಯವನ್ನು ತನ್ನ ಹೆಸರಿನಲ್ಲೇ ಹೊತ್ತಿದೆ. ಶರಣರು ಬಳಸಿದ 'ದಾಸೋಹ' ಎಂಬ ಪದದಲ್ಲಿ ಬಡಿಸುವವನೇ ದಾಸ, ಉಣ್ಣುವವನಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಯಾರು ಅರಿಯರು? ಕಣ್ಣಿಲ್ಲದ ಬಾಲಕ ಪಂಚಾಕ್ಷರಿಗೆ ಹಾನಗಲ್ಲ ಕುಮಾರಸ್ವಾಮಿಗಳು ಆಸರೆಯಾಗಿ ಸಂಗೀತ ಕಲಿಸಿದರು. ಹೀಗೆ ಪಡೆದು ಬೆಳೆದ ಪಂಚಾಕ್ಷರಿ ಗವಾಯಿಗಳು ಅಂಧ, ಅನಾಥ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಆ ಅನ್ನ ಉಂಡ ಮಕ್ಕಳಲ್ಲಿ ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರೂ ಒಬ್ಬರು. 1944ರಲ್ಲಿ ಗುರು ತೀರಿಕೊಂಡ ಮೇಲೆ, 2010ರಲ್ಲಿ ತಾವು ಕಣ್ಮುಚ್ಚುವವರೆಗೂ ಪುಟ್ಟರಾಜ ಗವಾಯಿಗಳು ಅದೇ ಪಂಕ್ತಿಗೆ ಬಡಿಸಿದರು. ಅಲ್ಲಿ ಕೊಟ್ಟವರೆಲ್ಲ ಮೊದಲು ಪಡೆದವರೇ.

ಹಾಗಾದರೆ ಊರಿನಲ್ಲಿ ಹಸಿವು ನೀಗಿಸುವ ಸಂಘ ನಡೆಸುವವರು ಏನು ಮಾಡಬೇಕು? ಮೊದಲು, ಹಕ್ಕಾಗಿ ಸಿಗಬೇಕಾದದ್ದು ಸಿಗುತ್ತಿದೆಯೇ ನೋಡಿ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಸಲ್ಲಬೇಕು. ಕಾರ್ಡಿನ ಅರ್ಜಿ ತುಂಬಿಕೊಡುವುದೂ ಸೇವೆಯೇ. ಕಿಟ್ ಕೊಡುವಾಗ ಫೋಟೋ ತೆಗೆಯಬೇಡಿ. ಹೆಸರಿನ ಪಟ್ಟಿ ಗೋಡೆಯ ಮೇಲೆ ಬೇಡ. ನೆರೆಮನೆಯ ಹಸಿವಿಗೆ ಜಾತಿ, ಧರ್ಮ ಕೇಳಬೇಡಿ.

ಇನ್ನೊಂದು ಮುಖ್ಯ ಮಾತು. ಪಡೆದವರನ್ನು ಸೇವೆಗೂ ಕರೆಯಿರಿ. ಯಾವ ಮನೆಯ ಒಲೆ ಉರಿದಿಲ್ಲ ಎಂಬುದು ಸಂಘದ ಅಧ್ಯಕ್ಷರಿಗಿಂತ ಪಕ್ಕದ ಮನೆಯ ತಾಯಿಗೆ ಚೆನ್ನಾಗಿ ಗೊತ್ತು. ರೊಟ್ಟಿ ಬಡಿಯಲು, ಚೀಲ ತುಂಬಲು, ಆಟೋದಲ್ಲಿ ಮುಟ್ಟಿಸಲು ಆಕೆ, ಆಕೆಯ ಮಗ ಯಾಕೆ ಬೇಡ? ಆದರೆ ಕರೆಯುವುದು ಬೇರೆ, ಕಟ್ಟುಪಾಡು ಮಾಡುವುದು ಬೇರೆ. 'ಬಂದು ದುಡಿದರೆ ಮಾತ್ರ ಅಕ್ಕಿ' ಎಂದರೆ ಅದು ದಾನವಲ್ಲ, ಕೂಲಿ. ಅದೂ ಹಸಿವಿನ ಹೆದರಿಕೆಯಲ್ಲಿ ದುಡಿಸಿಕೊಂಡ ಕೂಲಿ. ಹಾಸಿಗೆ ಹಿಡಿದ ಮುದುಕನ ಪಾಲು ಅವನ ಬಾಗಿಲಿಗೆ ಹೋಗಲೇಬೇಕು. ಅವನು ಏನನ್ನೂ ಹಿಂದಿರುಗಿಸಬೇಕಾಗಿಲ್ಲ.

ಓದುಗ ಸಹೋದರ ಸಹೋದರಿಯರೇ, ಇಂದು ನಿಮ್ಮ ಮನೆಯಲ್ಲಿ ಕೊರತೆ ಇದ್ದರೆ ಮಕ್ಕಳನ್ನು ಹಸಿವಿನಲ್ಲಿ ಮಲಗಿಸಬೇಡಿ. ಹೋಗಿ ಪಡೆಯಿರಿ, ತಲೆ ಎತ್ತಿಯೇ ಪಡೆಯಿರಿ. ಇಂದು ನಿಮ್ಮಲ್ಲಿ ಮಿಕ್ಕಿದ್ದರೆ ಹೋಗಿ ಬಡಿಸಿರಿ, ತಲೆ ಬಾಗಿಯೇ ಬಡಿಸಿರಿ. ಮುಂದಿನ ವರ್ಷ ಯಾರು ಯಾವ ಸಾಲಿನಲ್ಲಿರುತ್ತಾರೆ ಎಂಬುದನ್ನು ಬಲ್ಲವನು ಅಲ್ಲಾಹನೊಬ್ಬನೇ.