ಮನೆಯ ಮೂಲೆಯಲ್ಲೊಬ್ಬ ಸೇವಕ



ನಿಮ್ಮ ಮನೆಯ ಕಪಾಟಿನಲ್ಲಿಯೂ ಒಂದು ಹಳೆಯ ಲ್ಯಾಪ್‌ಟಾಪ್ ಬಿದ್ದಿರಬಹುದು. ಮಾರಲು ಹೋದರೆ ಬೆಲೆಯಿಲ್ಲ. ಎಸೆಯೋಣವೆಂದರೆ ಮನಸ್ಸು ಒಪ್ಪದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10 ತಂತ್ರಾಂಶಕ್ಕೆ ತಯಾರಕರ ಸಾಮಾನ್ಯ ಬೆಂಬಲ ಮುಗಿದ ಮೇಲಂತೂ ಇಂತಹ ಯಂತ್ರಗಳು ಅನೇಕ ಮನೆಗಳಲ್ಲಿ ಮೂಲೆ ಸೇರಿವೆ. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಉಂಟಾಯಿತು. ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಗೆ ಸಂದದ್ದು ಅದರ ಕಾಲುಭಾಗಕ್ಕಿಂತಲೂ ಕಡಿಮೆ. ಈ ರಾಶಿಗೆ ನಮ್ಮದೂ ಒಂದು ಸೇರದಿರಲಿ ಎಂದು, ದೇಶಪಾಂಡೆ ನಗರದ ನಮ್ಮ ಮನೆಯಲ್ಲಿ ಅಣ್ಣನ ಮಗನ ನೆರವಿನಿಂದ ಹಳೆಯ ಲ್ಯಾಪ್‌ಟಾಪನ್ನು ಮನೆಯ ಸರ್ವರ್ ಆಗಿ ಮಾರ್ಪಡಿಸಿಕೊಂಡೆ.

ಸರ್ವರ್ ಎಂದರೆ ಹೆದರಬೇಕಾಗಿಲ್ಲ. ಕೇಳಿದವರಿಗೆ ಕೇಳಿದ್ದನ್ನು ಎತ್ತಿಕೊಡುವ ಕಂಪ್ಯೂಟರ್ ಅದು. ಆ ಇಂಗ್ಲಿಷ್ ಪದದ ಅರ್ಥವೇ ಸೇವೆ ಮಾಡುವವನು ಎಂದು. ಹಳೆಯ ತಂತ್ರಾಂಶವನ್ನು ಅಳಿಸಿ, ಉಚಿತವಾಗಿ ದೊರೆಯುವ ಡೆಬಿಯನ್ ಲಿನಕ್ಸ್ ಹಾಕಿದೆವು. ಅದರ ಮೇಲೆ ಫೋಟೋ, ಕಾಗದಪತ್ರಗಳನ್ನು ಇಡಲು ನೆಕ್ಸ್ಟ್‌ಕ್ಲೌಡ್ ಅಳವಡಿಸಿದೆವು. ಮುಚ್ಚಳ ಮುಚ್ಚಿದರೂ ಯಂತ್ರ ನಿದ್ರೆಗೆ ಜಾರದಂತೆ ಮಾಡಿ, ವೈಫೈ ಪೆಟ್ಟಿಗೆಯ ಪಕ್ಕದಲ್ಲಿಟ್ಟೆವು. ಕರೆಂಟ್ ಹೋದಾಗ ಸ್ವಲ್ಪ ಹೊತ್ತು ಅದರ ಬ್ಯಾಟರಿಯೇ ಆಸರೆ. ಬ್ಯಾಟರಿ ಊದಿಕೊಂಡಿದ್ದರೆ ಮಾತ್ರ ಬೆಂಕಿಯ ಅಪಾಯವಿರುವುದರಿಂದ ಮೊದಲೇ ತೆಗೆಸಿಬಿಡಬೇಕು. ಸುಮಾರು 15 ವ್ಯಾಟ್‌ನಂತೆ ಹಗಲಿರುಳು ಉರಿದರೂ ತಿಂಗಳಿಗೆ 11 ಯೂನಿಟ್ ವಿದ್ಯುತ್ ಸಾಕು. ಹೊರಗಿನ ಜಾಲಕ್ಕೆ ಬಾಗಿಲು ತೆರೆದರೆ ಕಳ್ಳರಿಗೂ ತೆರೆದಂತಾಗುವುದರಿಂದ, ಸದ್ಯಕ್ಕೆ ಅದರ ಸೇವೆ ನಮ್ಮ ನಾಲ್ಕು ಗೋಡೆಗಳೊಳಗೆ ಮಾತ್ರ.

ಇಷ್ಟೆಲ್ಲ ಶ್ರಮ ಏತಕ್ಕೆ ಎಂದು ನೀವು ಕೇಳಬಹುದು. ನಮ್ಮ ನೆನಪುಗಳನ್ನು ನಾವು ಬಾಡಿಗೆ ಮನೆಯಲ್ಲಿಟ್ಟಿದ್ದೇವೆ. ಒಂದು ಕಾಲಕ್ಕೆ ನಮ್ಮ ಯುವಜನರೆಲ್ಲ ಸೇರುತ್ತಿದ್ದ ಆರ್ಕುಟ್ 2004ರಲ್ಲಿ ಆರಂಭವಾಗಿ 2014ರ ಸೆಪ್ಟೆಂಬರ್ 30ರಂದು ಮುಚ್ಚಿಹೋಯಿತು. ಮಿತಿಯಿಲ್ಲದೆ ಉಚಿತವಾಗಿ ಚಿತ್ರಗಳನ್ನು ಇಟ್ಟುಕೊಳ್ಳುತ್ತಿದ್ದ ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಆ ಔದಾರ್ಯವನ್ನು ನಿಲ್ಲಿಸಿತು. ಇದರಲ್ಲಿ ಅನ್ಯಾಯವೇನೂ ಇಲ್ಲ. ಮನೆಯ ಒಡೆಯ ಕರಾರು ಬದಲಿಸಬಹುದು. ಆದರೆ ಮಕ್ಕಳ ಬಾಲ್ಯ, ಹಿರಿಯರ ಮುಖ, ಮನೆಯ ಪತ್ರಗಳು ಪರರ ಕರಾರಿನ ಮೇಲೆ ನಿಲ್ಲಬೇಕೇ ಎಂಬ ಪ್ರಶ್ನೆ ನನ್ನನ್ನು ಕಾಡಿತು. ನಮ್ಮದು ನಮ್ಮಲ್ಲೇ ಇರಲಿ ಎಂಬ ತೀರ್ಮಾನಕ್ಕೆ ಬಂದೆ. ಆ ತೀರ್ಮಾನದಲ್ಲಿ ಒಂದಿಷ್ಟು ಹೆಮ್ಮೆಯೂ ಬೆರೆತಿತ್ತೆಂದು ಒಪ್ಪಿಕೊಳ್ಳಬೇಕು.

ಆ ಹೆಮ್ಮೆ ಎರಡು ಬಾರಿ ಮುರಿಯಿತು.

ಮೊದಲನೆಯದು ಪಿಯುಸಿ ಓದುತ್ತಿರುವ ಮಗಳ ಪ್ರಶ್ನೆಯಿಂದ. ಅವಳ ಫೋನನ್ನು ಸರ್ವರಿಗೆ ಜೋಡಿಸುತ್ತಿದ್ದಾಗ ಅವಳು ಮೆಲ್ಲಗೆ ಕೇಳಿದಳು: "ಪಪ್ಪಾ, ನಾ ಇದರಾಗ ಇಟ್ಟದ್ದೆಲ್ಲಾ ನಿಮಗ ಕಾಣಸ್ತದೇನು?"

ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ಮೇಲ್ವಿಚಾರಕನ ಪಾಸ್‌ವರ್ಡ್ ನನ್ನ ಕೈಯಲ್ಲಿತ್ತು. ಮನಸ್ಸು ಮಾಡಿದರೆ ಪತ್ನಿಯ ಪತ್ರಗಳನ್ನೂ ಮಗಳ ಚಿತ್ರಗಳನ್ನೂ ಯಾರಿಗೂ ತಿಳಿಯದಂತೆ ತೆರೆದು ನೋಡಬಲ್ಲವನಾಗಿದ್ದೆ. ದೂರದ ಕಂಪನಿಗೆ ನಮ್ಮ ಮನೆಯವರ ಮುಖಪರಿಚಯವೂ ಇಲ್ಲ. ನಾನೋ ಅವರೊಡನೆ ಒಂದೇ ಸೂರಿನಡಿ ಬಾಳುವವನು. ಕುಟುಂಬವನ್ನು ಪರರ ಹಂಗಿನಿಂದ ಬಿಡಿಸುತ್ತೇನೆಂದು ಹೊರಟು, ನಾನೇ ಅವರ ಗುಟ್ಟುಗಳ ಒಡೆಯನಾಗಿ ಕುಳಿತಿದ್ದೆನಲ್ಲವೇ?

ಮಕ್ಕಳನ್ನು ಕಾಯುವುದು ಹೆತ್ತವರ ಹಕ್ಕು ಎಂದು ನೀವು ಹೇಳಬಹುದು. ಅದು ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು. ಆದರೆ ಕೇಳಿ ತಿಳಿಯುವುದು ಬೇರೆ, ಕದ್ದು ನೋಡುವುದು ಬೇರೆ. ಮೊದಲನೆಯದರಲ್ಲಿ ಮಗುವಿಗೆ ಉತ್ತರಿಸುವ ಅವಕಾಶವಿದೆ, ತಂದೆಗೆ ತನ್ನ ಆತಂಕವನ್ನು ಹೇಳಿಕೊಳ್ಳುವ ಧೈರ್ಯವಿದೆ. ಎರಡನೆಯದರಲ್ಲಿ ಇವೆರಡೂ ಇಲ್ಲ. ಗುಟ್ಟಾಗಿ ಪಡೆದ ತಿಳಿವಳಿಕೆಯಿಂದ ಮಗುವನ್ನು ತಿದ್ದಲು ಹೊರಟವನು, ಅದು ತನಗೆ ಹೇಗೆ ತಿಳಿಯಿತೆಂದು ಮತ್ತೊಂದು ಸುಳ್ಳು ಹೇಳಬೇಕಾಗುತ್ತದೆ. ಆದ್ದರಿಂದ ಮಗಳ ಖಾಸಗಿ ಕಡತಗಳು ಅವಳ ಫೋನಿನಿಂದ ಹೊರಡುವ ಮೊದಲೇ ಗೂಢಲಿಪಿಯಾಗಿ ಬದಲಾಗುವಂತೆ ಏರ್ಪಡಿಸಿದೆವು. ಅದರ ಕೀಲಿ ಅವಳೊಬ್ಬಳ ಬಳಿಯಿದೆ. ಅವಳು ಅದನ್ನು ಕಳೆದುಕೊಂಡರೆ ನಾನೂ ತೆರೆಯಲಾರೆ. ಈ ಅಸಹಾಯಕತೆಯನ್ನು ಒಪ್ಪಿಕೊಳ್ಳಲು ನನಗೆ ಕೆಲವು ದಿನಗಳೇ ಬೇಕಾದವು.

ಎರಡನೆಯ ಪೆಟ್ಟು ಆರು ತಿಂಗಳ ನಂತರ ಬಿತ್ತು. ಒಂದು ಬೆಳಿಗ್ಗೆ ಯಂತ್ರದ ಹಳೆಯ ಡಿಸ್ಕ್ ನಿಂತುಹೋಯಿತು. ಫೋಟೋಗಳಲ್ಲಿ ಹೆಚ್ಚಿನವು ಫೋನುಗಳಲ್ಲಿದ್ದುದರಿಂದ ಉಳಿದವು. ಆದರೆ ಪ್ರಭುವಿನ ಸನ್ನಿಧಿ ಸೇರಿದ ನಮ್ಮ ತಾಯಿಯವರು ಹಾಡಿದ್ದ ಎರಡು ಭಕ್ತಿಗೀತೆಗಳ ಧ್ವನಿಮುದ್ರಣವನ್ನು, ಸರ್ವರಿನಲ್ಲಿದೆಯಲ್ಲ ಎಂಬ ಧೈರ್ಯದಿಂದ ನನ್ನ ಫೋನಿನಿಂದ ಅಳಿಸಿಬಿಟ್ಟಿದ್ದೆ. ಮತ್ತೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ದೂರಲು ಯಾವ ಕಂಪನಿಯೂ ಇರಲಿಲ್ಲ. ತಂಗಿಗೆ ಫೋನ್ ಮಾಡಿ ಈ ಸುದ್ದಿ ತಿಳಿಸಿದಾಗ ಅವಳು ಬೈಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದಳು. ತಾಯಿ ನನಗೊಬ್ಬನಿಗೇ ತಾಯಿಯಾಗಿರಲಿಲ್ಲ ಎಂಬುದು ಆ ಮೌನದಲ್ಲಿ ನನಗೆ ಅರ್ಥವಾಯಿತು.

ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ಮನೆವಾರ್ತೆಯವನು ಎಂಬ ಅರ್ಥಪೂರ್ಣವಾದ ಪದವಿದೆ. ಅವನ ಕೈಯಲ್ಲಿ ಮನೆಯ ಕೀಲಿಕೈಗಳಿರುತ್ತವೆ, ಮನೆ ಅವನದಲ್ಲ. ನಮ್ಮದು ಎಂದು ನಾವು ಹೇಳಿಕೊಳ್ಳುವ ನೆನಪುಗಳ ವಿಷಯದಲ್ಲಿಯೂ ನಮ್ಮ ಸ್ಥಾನ ಇದೇ ಅಲ್ಲವೇ? ಯಂತ್ರ ನನ್ನದಾಗಿರಬಹುದು, ಅದರೊಳಗಿನ ತಾಯಿಯ ದನಿ ತಂಗಿಗೂ, ಇನ್ನೂ ಹುಟ್ಟದ ಮೊಮ್ಮಕ್ಕಳಿಗೂ ಸೇರಿದ್ದು. ಕಾಯುವವನಿಗೆ ಅಧಿಕಾರಕ್ಕಿಂತ ಲೆಕ್ಕ ಒಪ್ಪಿಸುವ ಹೊಣೆಯೇ ದೊಡ್ಡದು.

ನಮ್ಮ ದೇಶಪಾಂಡೆ ನಗರದಲ್ಲಿ ಸವಾಯಿ ಗಂಧರ್ವರ ಹೆಸರಿನ ಸಭಾಂಗಣವಿದೆ. ಆ ಮಹಾಗಾಯಕರು 1952ರಲ್ಲಿ ತೀರಿಕೊಂಡರು. ಆದರೂ ಅವರ ಗಾಯನ ಅವರೊಂದಿಗೆ ಮುಗಿಯಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಕಲಿತ ಗಂಗೂಬಾಯಿ ಹಾನಗಲ್ಲರಲ್ಲಿಯೂ, ಭೀಮಸೇನ ಜೋಶಿಯವರಲ್ಲಿಯೂ ಅದು ಮುಂದುವರಿಯಿತು. ಗುರುಗಳು ಅದನ್ನು ಒಂದೇ ಕಂಠದಲ್ಲಿ ಬಚ್ಚಿಟ್ಟಿದ್ದರೆ ನಮಗೆ ಏನು ಉಳಿಯುತ್ತಿತ್ತು? ಆ ಸಭಾಂಗಣದ ಮುಂದೆ ಹಾದುಹೋಗುವಾಗಲೆಲ್ಲ ನನಗೆ ನಿಂತುಹೋದ ಆ ಡಿಸ್ಕಿನ ನೆನಪಾಗುತ್ತದೆ.

ಈಗ ಯಂತ್ರಕ್ಕೆ ಹೊಸ ಡಿಸ್ಕ್ ಬಂದಿದೆ. ಪ್ರತಿ ಶನಿವಾರ ಸಂಜೆ ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡುತ್ತೇನೆ. ಮೂರನೆಯ ಪ್ರತಿ ಧಾರವಾಡದಲ್ಲಿ ಅಣ್ಣನ ಮನೆಯಲ್ಲಿದೆ. ಎಲ್ಲರಿಗೂ ಸೇರಿದ ಫೋಟೋ, ಪತ್ರಗಳನ್ನು ತೆರೆಯುವ ಬಗೆಯನ್ನು ಸರಳ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು, ಲಕೋಟೆಯಲ್ಲಿಟ್ಟು ಪತ್ನಿಯ ಕೈಗೆ ಕೊಟ್ಟಿದ್ದೇನೆ. ನಾಳೆ ನಾನಿಲ್ಲದಿದ್ದರೂ ಮನೆಯವರು ಬೀಗದ ಮುಂದೆ ನಿಲ್ಲಬಾರದು.

ವಾಚಕರೇ, ನೀವು ಸರ್ವರ್ ಮಾಡಿಕೊಳ್ಳಲೇಬೇಕೆಂದು ನಾನು ಹೇಳುತ್ತಿಲ್ಲ. ವಾರಕ್ಕೊಮ್ಮೆ ಅದನ್ನು ನೋಡಿಕೊಳ್ಳಲು ಪುರುಸೊತ್ತಿಲ್ಲದವರು ಬಾಡಿಗೆಯ ಜಾಗದಲ್ಲಿಯೇ ಇಟ್ಟುಕೊಂಡು, ಒಂದು ಪ್ರತಿಯನ್ನು ಮನೆಯಲ್ಲಿರಿಸಿಕೊಳ್ಳುವುದೇ ಲೇಸು. ಆದರೆ ಇಂದಿನ ರಾತ್ರಿಯ ಊಟದ ಹೊತ್ತಿಗೆ ಮನೆಯವರೊಡನೆ ಮೂರು ಮಾತುಗಳನ್ನು ವಿಚಾರಿಸಿ: ನಮ್ಮ ಹಿರಿಯರ ಚಿತ್ರಗಳೂ ದನಿಯೂ ಎಲ್ಲಿವೆ? ಅವುಗಳ ಎರಡನೆಯ ಪ್ರತಿ ಯಾರ ಬಳಿಯಿದೆ? ಒಬ್ಬರ ಕೀಲಿ ಮತ್ತೊಬ್ಬರ ಕೈಗೆ ಸಿಕ್ಕಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ? ಕೊನೆಯ ಪ್ರಶ್ನೆಗೆ ನಿಮ್ಮ ಮಕ್ಕಳು ಮೊದಲು ಉತ್ತರ ಹೇಳಲಿ.