ಹುಡುಕಿಕೊಟ್ಟವರ ಹೆಸರು

ತಂಜಾವೂರಿನ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಾಳೆಗರಿಯ ಕಟ್ಟೊಂದನ್ನು ಕೊಟ್ಟರು. ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಅದನ್ನು ಪಟ್ಟಿಗೆ ಸೇರಿಸಿ ಸುಮ್ಮನಾಗಲಿಲ್ಲ, ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು. ಹಸ್ತಪ್ರತಿಗಳನ್ನು ಸಂಪಾದಿಸಿ ಪ್ರಕಟಿಸುವುದೂ ಆ ಲೈಬ್ರರಿಯ ಕೆಲಸವೇ ಆಗಿತ್ತು.

ನನ್ನ ಪ್ರಬಂಧದಲ್ಲಿ ಒಂದು ಆಕರದ ಕಾಲ ತಪ್ಪಾಗಿದೆಯೆಂದು ತೋರಿಸಿದವರೂ ಗ್ರಂಥಪಾಲಕರೇ. ‘ನೀವೇ ಬರೆಯಬಹುದಲ್ಲ?’ ಎಂದೆ. ‘ಕೌಂಟರಿನಿಂದ ಏಳುವುದು ಯಾವಾಗ?’ ಎಂದರು.

ಕೃತಜ್ಞತೆಯ ಪುಟದಲ್ಲಿ ಹೆಸರು ಹಾಕಿದರೆ ಋಣ ತೀರಿತೇ? ನೆರವಿಗೆ ಕೃತಜ್ಞತೆ ಸಾಕು; ಶೋಧಕ್ಕೆ ಸಾಲದು. ಆ ತಿದ್ದುಪಡಿಯನ್ನು ಅವರ ಹೆಸರಿನಲ್ಲೇ ಅಡಿಟಿಪ್ಪಣಿಯಾಗಿ ದಾಖಲಿಸಿದೆ. ನನ್ನ ಕೈಲಾಗಿದ್ದು ಅಷ್ಟು. ಓದುವುದೂ ಅವರ ಕೆಲಸವೆಂದು ಒಪ್ಪಿ ಬಿಡುವು ಕೊಡಬೇಕಾದದ್ದು ವಿಶ್ವವಿದ್ಯಾಲಯ.